ಐದು ಸ್ವರಗಳ ಕೋಷ್ಟಕ: ಗಣಕವಾದ್ಯದ ಕಂಠವನ್ನು ಹುಣಸೂರು ಸೀಮೆಯಿಂದ ಕೇಳಿದಾಗ

ಸಾರಾಂಶ

ಮನುಷ್ಯಕಂಠವನ್ನು ಹೋಲುವ ನಾದವನ್ನು ಉತ್ಪಾದಿಸಲು ಗಣಕಸಂಗೀತದ ವಾದ್ಯಗಳು ಬಳಸುವ ಫಾರ್ಮಂಟ್ ಕೋಷ್ಟಕವನ್ನು ಪ್ರಸ್ತುತ ಲೇಖನವು ಭಾಷಾವಿಜ್ಞಾನದ ನೆಲೆಯಿಂದ ವಿಮರ್ಶಿಸುತ್ತದೆ. ಸಿಸೌಂಡ್ ತಂತ್ರಾಂಶದ ಕೈಪಿಡಿಯಲ್ಲಿರುವ ಐದು ಸ್ವರಗಳ ಕೋಷ್ಟಕವನ್ನು ಮುಖ್ಯ ಪಠ್ಯವಾಗಿ ಇಟ್ಟುಕೊಳ್ಳಲಾಗಿದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳ ನುಡಿಗಳು ಹಾಗೂ ಕಂಠಪರಂಪರೆಗಳ ಎದುರು ಅದನ್ನು ಪರೀಕ್ಷಿಸಲಾಗಿದೆ. ಕೋಷ್ಟಕವು ಸ್ವರವನ್ನು ಒಂದು ನಿಶ್ಚಲ ಬಿಂದುವಾಗಿ ಗ್ರಹಿಸುತ್ತದೆ. ಮಾತಿನ ಗುರುತಾದರೋ ಕಾಲಾವಧಿ, ಚಲನೆ ಮತ್ತು ಸಂಬಂಧಗಳಲ್ಲಿದೆ ಎಂಬುದು ಇಲ್ಲಿನ ವಾದ. ಈ ದೋಷದ ಮೂಲ ಸಂಗೀತತಂತ್ರಜ್ಞರಲ್ಲಿ ಮಾತ್ರವಿಲ್ಲ, ಭಾಷಾವಿಜ್ಞಾನಿಗಳು ಒದಗಿಸುತ್ತ ಬಂದ ಸ್ವರವಿವರಣೆಯ ಕ್ರಮದಲ್ಲಿಯೂ ಇದೆ ಎಂಬುದನ್ನು ತೋರಿಸಿ, ವಿವರಣೆಯ ಬೇರೊಂದು ಕ್ರಮವನ್ನು ಸೂಚಿಸಲಾಗಿದೆ.

1. ಪ್ರವೇಶ

ಗಣಕದಿಂದ ವಾದ್ಯವನ್ನು ರೂಪಿಸುವವರು ಮನುಷ್ಯಕಂಠದತ್ತ ಮತ್ತೆ ಮತ್ತೆ ಮರಳುತ್ತಾರೆ. ಅವರಿಗೆ ಬೇಕಾದುದು ಸಂದೇಶವನ್ನು ಓದಿ ಹೇಳುವ ಯಂತ್ರವಲ್ಲ. ಮಾತಿನ ನೆನಪು ತರುವ, ಆದರೆ ಯಾವ ಮಾತನ್ನೂ ಆಡದ ಒಂದು ನಾದ ಅವರಿಗೆ ಬೇಕು. ಕೀಲಿಮಣೆಯ ಮೇಲೆ ಬೆರಳಿಟ್ಟರೆ ಯಾರೋ 'ಆ' ಎಂದಂತೆ, ಬೆರಳು ಸರಿದರೆ ಆ ಕಂಠ 'ಓ' ಆದಂತೆ ಕೇಳಿಸಬೇಕು. ಇಂತಹ ವಾದ್ಯಗಳನ್ನು ಸಂಗೀತವಿಮರ್ಶಕರು ಇಂಪಿನ ಮಾನದಿಂದಲೂ ಎಂಜಿನಿಯರರು ಗಣನೆಯ ಮಿತವ್ಯಯದ ಮಾನದಿಂದಲೂ ಅಳೆದಿದ್ದಾರೆ. ಭಾಷಾವಿಜ್ಞಾನಿಗಳು ಇವನ್ನು ತಮ್ಮ ಕ್ಷೇತ್ರದ ಹೊರಗಿನ ಆಟಿಕೆಗಳೆಂದು ಬಗೆದು ಸುಮ್ಮನಿರುವುದೇ ಹೆಚ್ಚು.

ಈ ಮೌನ ಸರಿಯಲ್ಲ. ಒಂದು ನಾದವನ್ನು 'ಮಾತಿನಂತಹುದು' ಎಂದು ಕರೆದ ಕೂಡಲೇ ಮಾತು ಎಂದರೇನು ಎಂಬ ಪ್ರಶ್ನೆಗೆ ಉತ್ತರವೊಂದನ್ನು ಕೊಟ್ಟಂತಾಗುತ್ತದೆ. ಆ ಉತ್ತರ ವಾದ್ಯದ ಒಳಗೆ ಸಂಖ್ಯೆಗಳ ರೂಪದಲ್ಲಿ ಅಡಗಿರುತ್ತದೆ. ಎಲ್ಲ ಸಿದ್ಧಾಂತಗಳಂತೆ ಅದೂ ವಿಮರ್ಶೆಗೆ ಅರ್ಹವಾದುದು. ಕನ್ನಡದಲ್ಲಿ 'ಸ್ವರ' ಎಂಬ ಒಂದೇ ಪದ ವ್ಯಾಕರಣದ ಅಚ್ಚನ್ನೂ ಸಂಗೀತದ ಸ-ರಿ-ಗಗಳನ್ನೂ ಸೂಚಿಸುತ್ತದೆ. ಗೊಂದಲ ತಪ್ಪಿಸಲು ಈ ಲೇಖನದಲ್ಲಿ ವ್ಯಾಕರಣದ ಅರ್ಥದಲ್ಲಿ ಮಾತ್ರ ಆ ಪದವನ್ನು ಬಳಸಿದೆ. ಸಂಗೀತದ ಅರ್ಥಕ್ಕೆ 'ಶ್ರುತಿ' ಎಂಬ ಪದವಿದೆ.

2. ಕೋಷ್ಟಕದ ವಂಶಾವಳಿ

1780ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನ ಅಕಾಡೆಮಿ ಕ್ರಿಶ್ಚಿಯನ್ ಕ್ರಾಟ್ಸೆನ್‌ಸ್ಟೈನ್ ಎಂಬ ವಿದ್ವಾಂಸನಿಗೆ ಬಹುಮಾನ ನೀಡಿತು. ಅ, ಎ, ಇ, ಒ, ಉ ಎಂಬ ಐದು ಸ್ವರಗಳ ಸ್ವಭಾವವೇನು, ಚರ್ಚಿನ ಆರ್ಗನ್ ವಾದ್ಯದ 'ಮನುಷ್ಯಕಂಠ'ದ ಕೊಳವೆಗಳ ಮಾದರಿಯಲ್ಲಿ ಅವನ್ನು ನುಡಿಯಬಲ್ಲ ಉಪಕರಣವನ್ನು ಮಾಡಬಹುದೇ ಎಂಬುದು ಅಕಾಡೆಮಿಯ ಪ್ರಶ್ನೆಯಾಗಿತ್ತು. ಕ್ರಾಟ್ಸೆನ್‌ಸ್ಟೈನ್ ಒಂದೊಂದು ಸ್ವರಕ್ಕೆ ಒಂದೊಂದು ಆಕಾರದ ಅನುರಣನ ಕೊಳವೆಯನ್ನು ರಚಿಸಿದ. ಮಾತಿನ ಕೃತಕ ಸೃಷ್ಟಿಯ ಚರಿತ್ರೆ ಹೀಗೆ ಮೊದಲಿನಿಂದಲೂ ಸಂಗೀತವಾದ್ಯದ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. ಸ್ವರಗಳು ಐದು, ಒಂದಕ್ಕೊಂದು ಆಕಾರ ಎಂಬ ಗ್ರಹಿಕೆಯೂ ಆಗಲೇ ನೆಲೆಯೂರಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಗ್ರಹಿಕೆಗೆ ಧ್ವನಿವಿಜ್ಞಾನದ ಆಧಾರ ದೊರೆಯಿತು. ಗುನ್ನಾರ್ ಫಾಂಟ್ 1960ರಲ್ಲಿ ವ್ಯವಸ್ಥಿತಗೊಳಿಸಿದ ಸಿದ್ಧಾಂತದ ಪ್ರಕಾರ ಧ್ವನಿತಂತುಗಳ ಕಂಪನ ನಾದದ ಮೂಲ. ಗಂಟಲಿನಿಂದ ತುಟಿಯವರೆಗಿನ ಧ್ವನಿನಾಳ ಆ ನಾದವನ್ನು ಸೋಸುವ ಜರಡಿ. ಜರಡಿಯಲ್ಲಿ ಎದ್ದು ಕಾಣುವ ಅನುರಣನ ಶಿಖರಗಳೇ ಫಾರ್ಮಂಟ್‌ಗಳು. ಮೊದಲೆರಡು ಶಿಖರಗಳಿಂದ ಸ್ವರದ ಗುರುತು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. 1961ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ ಮತ್ತು ಕ್ಯಾರಲ್ ಲಾಕ್‌ಬಾಮ್ ಗಣಕದಿಂದ ಹಾಡೊಂದನ್ನು ಹಾಡಿಸಿದರು. ಅದಕ್ಕೆ ಗಣಕದ ಪಕ್ಕವಾದ್ಯ ಒದಗಿಸಿದವರು ಮ್ಯಾಕ್ಸ್ ಮ್ಯಾಥ್ಯೂಸ್. ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ 1970ರ ದಶಕದ ಕೊನೆಯಿಂದ ಕ್ಸೇವಿಯರ್ ರೋಡೆ ಮತ್ತು ಸಂಗಡಿಗರು 'ಶಾಂ' ಎಂಬ ಕ್ರಮವಿಧಿಯನ್ನು ಬೆಳೆಸಿದರು. ಫ್ರೆಂಚಿನಲ್ಲಿ ಆ ಹೆಸರಿಗೆ ಹಾಡುಗಾರಿಕೆ ಎಂದೇ ಅರ್ಥ. ಅದರ ತಂತ್ರ ಸರಳವೂ ಚತುರವೂ ಆದುದು. ಧ್ವನಿತಂತುಗಳ ಪ್ರತಿಯೊಂದು ಮಿಡಿತಕ್ಕೂ ಪ್ರತಿಯೊಂದು ಫಾರ್ಮಂಟ್‌ನ ಆವೃತ್ತಿಯಲ್ಲಿ ಒಂದು ಕಿರುತರಂಗ ಎದ್ದು ಬೇಗನೆ ಅಡಗುತ್ತದೆ. ಇಂತಹ ಐದು ಸಾಲುಗಳನ್ನು ಕೂಡಿಸಿದರೆ ಕಂಠದಂತಹ ನಾದ ಮೂಡುತ್ತದೆ. ಜಾನ್ ಚೌನಿಂಗ್ 1981ರಲ್ಲಿ ಮುಗಿಸಿದ 'ಫೋನೆ' ಕೃತಿಯಲ್ಲಿ ಆವೃತ್ತಿ ಮಾಡ್ಯುಲೇಷನ್ ಎಂಬ ಬೇರೆ ತಂತ್ರದಿಂದ ಇದೇ ಗುರಿಯತ್ತ ಸಾಗಿದರು.

ಬ್ಯಾರಿ ವೆರ್ಕೋ 1980ರ ದಶಕದ ಮಧ್ಯದಲ್ಲಿ ಎಂಐಟಿಯಲ್ಲಿ ರಚಿಸಿದ ಸಿಸೌಂಡ್ ತಂತ್ರಾಂಶಕ್ಕೆ ಕಿರುತರಂಗದ ಈ ತಂತ್ರವನ್ನು ಮೈಕೆಲ್ ಕ್ಲಾರ್ಕ್ ತಂದರು. ಸಿಸೌಂಡ್ ಉಚಿತವಾಗಿ ದೊರೆಯುವುದರಿಂದ ಗಣಕಸಂಗೀತ ಕಲಿಯುವ ವಿದ್ಯಾರ್ಥಿಗಳು ಕಂಠಸೃಷ್ಟಿಯನ್ನು ಮೊದಲು ಭೇಟಿಯಾಗುವುದು ಅನೇಕ ವೇಳೆ ಅದರ ಕೈಪಿಡಿಯ ಅನುಬಂಧದಲ್ಲಿ. ಅಲ್ಲಿ ಐದು ಬಗೆಯ ಕಂಠಗಳಿವೆ: ಸೊಪ್ರಾನೊ, ಆಲ್ಟೊ, ಕೌಂಟರ್‌ಟೆನರ್, ಟೆನರ್, ಬೇಸ್. ಪ್ರತಿ ಕಂಠಕ್ಕೂ ಅ, ಎ, ಇ, ಒ, ಉ ಎಂಬ ಐದು ಸ್ವರಗಳು. ಪ್ರತಿ ಸ್ವರಕ್ಕೂ ಐದು ಫಾರ್ಮಂಟ್‌ಗಳ ಆವೃತ್ತಿ, ಪ್ರಬಲತೆ ಮತ್ತು ಅಗಲ. 1780ರ ಐದು ಕೊಳವೆಗಳು ಇಪ್ಪತ್ತೈದು ಸಾಲುಗಳಾಗಿವೆ. ಗ್ರಹಿಕೆ ಮಾತ್ರ ಬದಲಾಗಿಲ್ಲ.

3. ಇದು ಯಾರ ಕಂಠ?

ಕೋಷ್ಟಕದ ಸಂಖ್ಯೆಗಳನ್ನು ಪಠ್ಯದಂತೆ ಓದೋಣ. ಬೇಸ್ ಕಂಠದ 'ಅ'ಕಾರಕ್ಕೆ ಕೊಟ್ಟಿರುವ ಆವೃತ್ತಿಗಳು 600, 1040, 2250, 2450 ಮತ್ತು 2750 ಹರ್ಟ್ಸ್. ಮೂರನೆಯ ಮತ್ತು ಐದನೆಯ ಫಾರ್ಮಂಟ್‌ಗಳ ನಡುವಿನ ಅಂತರ ಕೇವಲ 500 ಹರ್ಟ್ಸ್. ಸೊಪ್ರಾನೊ 'ಅ'ಕಾರದಲ್ಲಿ ಇದೇ ಫಾರ್ಮಂಟ್‌ಗಳು 2900, 3900, 4950. ಅಂತರ 2050 ಹರ್ಟ್ಸ್. ಹೆಣ್ಣುಗಂಡುಗಳ ಧ್ವನಿನಾಳದ ಉದ್ದದಲ್ಲಿರುವ ವ್ಯತ್ಯಾಸ ಇಷ್ಟು ದೊಡ್ಡ ಅಂತರವನ್ನು ವಿವರಿಸಲಾರದು. ಯೋಹಾನ್ ಸುಂಡ್‌ಬರ್ಗ್ ಅವರ ಸಂಶೋಧನೆಗಳನ್ನು ಬಲ್ಲವರಿಗೆ ಕಾರಣ ಹೊಳೆಯುತ್ತದೆ. ಯುರೋಪಿನ ಒಪೆರಾ ಶಿಕ್ಷಣ ಪಡೆದ ಪುರುಷಗಾಯಕರು ಮೂರು, ನಾಲ್ಕು, ಐದನೆಯ ಫಾರ್ಮಂಟ್‌ಗಳನ್ನು ಒಂದೆಡೆ ಒತ್ತಾಗಿ ತರುತ್ತಾರೆ. ಧ್ವನಿವರ್ಧಕವಿಲ್ಲದೆ ದೊಡ್ಡ ವಾದ್ಯವೃಂದದ ಮೇಲೆ ತಮ್ಮ ಕಂಠ ಕೇಳಿಸುವಂತೆ ಮಾಡಿಕೊಳ್ಳುವ ಉಪಾಯವದು; 'ಗಾಯಕನ ಫಾರ್ಮಂಟ್' ಎಂದೇ ಅದಕ್ಕೆ ಹೆಸರು. ಸೊಪ್ರಾನೊಗಳಿಗೆ ಅದರ ಅಗತ್ಯ ಅಷ್ಟಿಲ್ಲ.

ಅಂದರೆ ಕೋಷ್ಟಕದಲ್ಲಿ ಕುಳಿತಿರುವುದು ಸಾಮಾನ್ಯ ಮನುಷ್ಯಕಂಠವಲ್ಲ. ಒಂದು ನಿರ್ದಿಷ್ಟ ರಂಗಮಂದಿರಕ್ಕಾಗಿ, ಒಂದು ನಿರ್ದಿಷ್ಟ ವಾದ್ಯವೃಂದದ ಎದುರು ಪಳಗಿದ ಕಂಠ. ಕೆ.ಆರ್.ನಗರದ ಕಡೆ ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯವನ್ನು ಇರುಳಿಡೀ ಹಾಡುವ ನೀಲಗಾರರ ಕಂಠಕ್ಕೆ ಇರುವ ಸವಾಲು ಬೇರೆ. ಕಥೆಯ ಮಾತು ಕೊನೆಯ ಸಾಲಿನಲ್ಲಿ ಕುಳಿತವರಿಗೂ ತಿಳಿಯಬೇಕು. ಹಿಮ್ಮೇಳದವರ ಸೊಲ್ಲು ಅದನ್ನು ಹೊತ್ತುಕೊಂಡು ಸಾಗಬೇಕು. ಅಲ್ಲಿ ನಾದದ ಹೊಳಪಿಗಿಂತ ನುಡಿಯ ಸ್ಪಷ್ಟತೆಗೆ ಬೆಲೆ. ಎರಡೂ ಹಾಡುಗಾರಿಕೆಯೇ. ಒಂದನ್ನು 'ಬೇಸ್ ಕಂಠ' ಎಂಬ ಜಾತಿವಾಚಕದಿಂದ ಕರೆದು ಇನ್ನೊಂದನ್ನು 'ಜಾನಪದ' ಎಂಬ ವಿಶೇಷಣದೊಳಗೆ ಇಡುವಾಗ, ಯಾವುದು ಸಹಜ ಯಾವುದು ಅಪವಾದ ಎಂಬ ತೀರ್ಮಾನ ಸದ್ದಿಲ್ಲದೆ ಆಗಿಹೋಗಿರುತ್ತದೆ.

4. ಕನ್ನಡದ ಎದುರು ಕೋಷ್ಟಕ

ಕನ್ನಡಕ್ಕೂ ಐದೇ ಮೂಲಸ್ವರಗಳಿವೆಯಲ್ಲ, ಕೋಷ್ಟಕ ಸಾಲದೇ ಎಂಬ ಪ್ರಶ್ನೆ ಏಳಬಹುದು. ಸಾಲದೆಂಬುದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಕಾಲಾವಧಿ. ಬಿಡು–ಬೀಡು, ಕೊಡು–ಕೋಡು, ಬೆಳೆ–ಬೇಳೆ ಎಂಬ ಜೋಡಿಗಳಲ್ಲಿ ಅರ್ಥವನ್ನು ಬೇರ್ಪಡಿಸುವುದು ಹ್ರಸ್ವದೀರ್ಘಗಳ ಭೇದ. ಕೋಷ್ಟಕದಲ್ಲಿ ಕಾಲಕ್ಕೆ ಅಂಕಣವೇ ಇಲ್ಲ. ಕಾಲಾವಧಿ ಶ್ರುತಿಯ ಗುಣ, ಅದನ್ನು ನುಡಿಸುವವನ ಬೆರಳು ನಿರ್ಧರಿಸುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಆದರೆ 'ಅ' ಮತ್ತು 'ಆ'ಗಳ ನಡುವೆ ಉದ್ದದ ಭೇದ ಮಾತ್ರವಿಲ್ಲ, ನಾಲಗೆಯ ನೆಲೆಯ ಭೇದವೂ ಇದೆ. ಹ್ರಸ್ವ 'ಅ' ಬಾಯಿಯ ನಡುವಿನತ್ತ ಸರಿದು ಕೊಂಚ ಮೇಲಿರುತ್ತದೆ, 'ಆ' ಪೂರ್ಣವಿವೃತ. ಹ್ರಸ್ವವನ್ನು ಎಷ್ಟೇ ಎಳೆದರೂ 'ಮರ' ಎಂಬುದು 'ಮಾರ' ಆಗುವುದಿಲ್ಲ. ಎಳೆದ 'ಮರ' ಎಂದೇ ಕೇಳಿಸುತ್ತದೆ. ಜನಪದ ಛಂದಸ್ಸಿನ ಅಂಶಗಣಗಳಲ್ಲಿ ಹ್ರಸ್ವವನ್ನು ಹಾಡಿನಲ್ಲಿ ಹಿಗ್ಗಿಸುವುದು ಸಾಧ್ಯವಾಗಿರುವುದಕ್ಕೂ ಇದು ಒಂದು ಕಾರಣವಿರಬೇಕು: ಎಳೆದರೂ ಪದದ ಗುರುತು ಕೆಡುವುದಿಲ್ಲ.

ಎರಡನೆಯದು ನೆರೆಹೊರೆಯ ಪ್ರಭಾವ. 'ಬೆಲ್ಲ' ಮತ್ತು 'ಬೆಳ್ಳಿ' ಪದಗಳನ್ನು ಒಂದಾದ ಮೇಲೊಂದು ನುಡಿದು ಕಿವಿಗೊಟ್ಟರೆ ಮೊದಲ ಪದದ 'ಎ' ಹೆಚ್ಚು ತೆರೆದುಕೊಂಡಿರುವುದು ತಿಳಿಯುತ್ತದೆ. ಮುಂದೆ ಬರಲಿರುವ ಸ್ವರಕ್ಕೆ ಬಾಯಿ ಮುಂಚಿತವಾಗಿ ಅಣಿಯಾಗುತ್ತದೆ. ಈ ಸೀಮೆಯ ಆಡುಮಾತಿನಲ್ಲಿ 'ಬರುತ್ತಾನೆ' ಎಂಬುದು 'ಬತ್ತಾನೆ' ಎಂದೂ 'ಹೋಗುತ್ತಾನೆ' ಎಂಬುದು 'ಓಯ್ತಾನೆ' ಎಂದೂ ಆಗುತ್ತದೆ. 'ಓಯ್' ಎಂಬಲ್ಲಿ ಕಿವಿ ಹಿಡಿಯುವುದು 'ಓ' ಎಂಬ ಬಿಂದುವನ್ನೂ ಅಲ್ಲ, 'ಇ' ಎಂಬ ಬಿಂದುವನ್ನೂ ಅಲ್ಲ. ಒಂದರಿಂದ ಇನ್ನೊಂದಕ್ಕೆ ನಾಲಗೆ ಸಾಗುವ ವೇಗವನ್ನು. ಎರಡು ಬಿಂದುಗಳ ನಡುವೆ ಸರಳರೇಖೆ ಎಳೆಯುವ ಗಣಕವಾದ್ಯ ಎಲ್ಲ ಸಂಧ್ಯಕ್ಷರಗಳನ್ನೂ ಒಂದೇ ಸಮನೆ ಜಾರಿಸುತ್ತದೆ. ಅಂತಹ ವಾದ್ಯಗಳ ಕಂಠ ಸದಾ ಆಕಳಿಸುತ್ತಿರುವಂತೆ ಕೇಳಿಸುವುದಕ್ಕೆ ಇದೇ ಕಾರಣ.

ಮೂರನೆಯದು ಹೆಚ್ಚು ಗಂಭೀರವಾದುದು. ಮನೆ–ಮಣೆ, ಬೆಲೆ–ಬೆಳೆ ಜೋಡಿಗಳಲ್ಲಿ ಭೇದವಿರುವುದು ವ್ಯಂಜನದಲ್ಲಿ ಎಂದು ವ್ಯಾಕರಣ ಹೇಳುತ್ತದೆ. ಧ್ವನಿವಿಜ್ಞಾನ ಅದಕ್ಕೊಂದು ಮಾತು ಸೇರಿಸುತ್ತದೆ: ಮೂರ್ಧನ್ಯದ ಮುಖ್ಯ ಸುಳಿವು ಅದರ ಹಿಂದಿನ ಸ್ವರದ ಕೊನೆಯಲ್ಲಿದೆ. ನಾಲಗೆಯ ತುದಿ ಮೇಲಕ್ಕೆ ಹಿಂದಕ್ಕೆ ಮಡಿಚತೊಡಗಿದಾಗ ಮೂರನೆಯ ಫಾರ್ಮಂಟ್ ಕೆಳಗಿಳಿಯುತ್ತದೆ. 'ಮಣೆ'ಯ ಅಕಾರ ಮುಗಿಯುವ ಮೊದಲೇ ಕೇಳುಗನಿಗೆ 'ಣ' ಬರುತ್ತಿದೆ ಎಂದು ತಿಳಿದಿರುತ್ತದೆ. ಕನ್ನಡದಂತಹ ದ್ರಾವಿಡ ನುಡಿಯಲ್ಲಿ ಮೂರನೆಯ ಫಾರ್ಮಂಟ್ ಹೀಗೆ ಅರ್ಥಭೇದದ ಕೆಲಸ ಮಾಡುತ್ತದೆ. ಕೋಷ್ಟಕದ ಪುರುಷಕಂಠಗಳಲ್ಲಾದರೋ ಅದು ಗಾಯಕನ ಫಾರ್ಮಂಟ್‌ನ ಗುಂಪಿನಲ್ಲಿ ಸೇರಿಹೋಗಿದೆ. ಹೊಳಪಿಗಾಗಿ ಕಟ್ಟಿಹಾಕಿದ ಶಿಖರ ಅರ್ಥಕ್ಕಾಗಿ ಚಲಿಸಲಾರದು. ಈ ಕೋಷ್ಟಕವನ್ನು ಇದ್ದಂತೆಯೇ ಬಳಸಿ ಮಾಡಿದ ವಾದ್ಯ ಇಟಾಲಿಯನ್ನಿನ ನೆನಪನ್ನು ಸುಲಭವಾಗಿ ತರಬಲ್ಲದು; ಕನ್ನಡದ ನೆನಪನ್ನು ತರಲು ಅದಕ್ಕೆ ಅಂಗವೇ ಇಲ್ಲ.

ಕನ್ನಡದಾಚೆಗೆ ನೋಡಿದರೆ ಕೊರತೆ ಇನ್ನೂ ಎದ್ದು ಕಾಣುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಕಾವೇರಿ ದಾಟಿದರೆ ಕೊಡಗು. ಕೊಡವ ನುಡಿಯಲ್ಲಿ ತುಟಿ ದುಂಡಾಗದ ಮಧ್ಯಸ್ವರಗಳು ಅರ್ಥಭೇದಕವೆಂಬುದನ್ನು ಎಮಿನೋ ವಿವರಿಸಿದ್ದಾರೆ. ನದಿಯ ಈಚೆ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ ನಿರಾಶ್ರಿತರ ವಸತಿಯಿದೆ. ಲಾಸಾ ಟಿಬೆಟನ್ನಿನಲ್ಲಿ ತುಟಿ ದುಂಡಾದ ಮುಂಸ್ವರಗಳಿವೆ, ಜೊತೆಗೆ ತಾನಭೇದವೂ ಇದೆ. ಹುಣಸೂರು ಮತ್ತು ಎಚ್.ಡಿ.ಕೋಟೆಯ ಹಾಡಿಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ನುಡಿಗಳಿವೆ. ಪೇಟೆಗಳಲ್ಲಿ ಉರ್ದು ಇದೆ. ನಾಲ್ಕು ತಾಲ್ಲೂಕುಗಳ ಈ ಪುಟ್ಟ ವಲಯದೊಳಗೇ ಐದು ಸ್ವರಗಳ ಕೋಷ್ಟಕಕ್ಕೆ ದಕ್ಕದ ಸ್ವರಗಳು ದಿನನಿತ್ಯ ಕೇಳಿಬರುತ್ತವೆ.

5. ಗುರುಪುರದ ಮಂದ್ರ

ಅ, ಎ, ಇ, ಒ, ಉ ಎಂಬ ಪಟ್ಟಿಗೆ ಇನ್ನಷ್ಟು ಸ್ವರಗಳನ್ನು ಸೇರಿಸಿದರೆ ಸಮಸ್ಯೆ ಪರಿಹಾರವಾಗುತ್ತದೆಯೇ? ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿನ ಟಿಬೆಟನ್ ವಸತಿಯಲ್ಲಿ ಗ್ಯುಮೆ ತಾಂತ್ರಿಕ ವಿಹಾರ ನೆಲೆಸಿದೆ. ಗ್ಯುಮೆ ಮತ್ತು ಗ್ಯೂತೊ ಎಂಬ ಎರಡು ವಿಹಾರಗಳು ಅತಿಮಂದ್ರ ಪಠಣಕ್ಕೆ ಹೆಸರಾದವು. ಒಬ್ಬನೇ ಭಿಕ್ಷುವಿನ ಕಂಠದಿಂದ ಏಕಕಾಲಕ್ಕೆ ಎರಡು ಶ್ರುತಿಗಳು ಹೊರಟಂತೆ ಕೇಳುಗನಿಗೆ ಭಾಸವಾಗುತ್ತದೆ.

ಈ ಪಠಣಕ್ರಮ ಧ್ವನಿವಿಜ್ಞಾನದ ಸಾಹಿತ್ಯವನ್ನು ಪ್ರವೇಶಿಸಿದುದು 1967ರಲ್ಲಿ. ಧರ್ಮಗಳ ವಿದ್ವಾಂಸ ಹಸ್ಟನ್ ಸ್ಮಿತ್ ಭಾರತದಲ್ಲಿ ಕೇಳಿ ಧ್ವನಿಮುದ್ರಿಸಿಕೊಂಡ ಪಠಣವನ್ನು ಎಂಐಟಿಯ ಧ್ವನಿವಿಜ್ಞಾನಿ ಕೆನೆತ್ ಸ್ಟೀವನ್ಸ್ ಮತ್ತು ರೇಮಂಡ್ ಟಾಮ್ಲಿನ್ಸನ್ ಅವರೊಂದಿಗೆ ವಿಶ್ಲೇಷಿಸಿ, ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಕಂಡದ್ದು ಇದು: ಮೂಲ ಆವೃತ್ತಿ 80 ಹರ್ಟ್ಸ್‌ಗಿಂತ ಕೆಳಗಿದೆ, ಸ್ವರ 'ಒ'ಕಾರಕ್ಕೆ ಹತ್ತಿರ, ಮೂಲ ಆವೃತ್ತಿಯ ಐದನೆಯ ಮತ್ತು ಹತ್ತನೆಯ ಗುಣಕಗಳು, ಅಂದರೆ ಹಾರ್ಮೋನಿಕ್‌ಗಳು, ವಿಶೇಷವಾಗಿ ಪ್ರಬಲವಾಗಿವೆ, ಏಕೆಂದರೆ ಮೊದಲೆರಡು ಫಾರ್ಮಂಟ್‌ಗಳು ಅಲ್ಲಿಯೇ ನಿಂತಿವೆ. ಐದನೆಯ ಹಾರ್ಮೋನಿಕ್ ನಮ್ಮ ಕಿವಿಗೆ ಹೊಸದಲ್ಲ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಏಳುವ ಸ್ವಯಂಭೂ ಗಾಂಧಾರ ಅದೇ.

ಈಗ ಕೋಷ್ಟಕಕ್ಕೆ ಮರಳೋಣ. ಬೇಸ್ ಕಂಠದ 'ಒ'ಕಾರಕ್ಕೆ ಮೊದಲೆರಡು ಫಾರ್ಮಂಟ್‌ಗಳು 400 ಮತ್ತು 750 ಹರ್ಟ್ಸ್. ಮೂಲ ಆವೃತ್ತಿಯನ್ನು 75 ಹರ್ಟ್ಸ್‌ಗೆ ಇಟ್ಟರೆ ಐದನೆಯ ಹಾರ್ಮೋನಿಕ್ 375ಕ್ಕೂ ಹತ್ತನೆಯದು 750ಕ್ಕೂ ಬರುತ್ತವೆ. ಕೋಷ್ಟಕದ ಸಂಖ್ಯೆಗಳಿಗೆ ಇವು ತೀರ ಹತ್ತಿರ. ಹಾಗಾಗಿ ಕೋಷ್ಟಕವೇ ಗುರುಪುರದ ಪಠಣವನ್ನು ನುಡಿಸಬಲ್ಲದು ಎನಿಸಬಹುದು. ಶ್ರುತಿಯನ್ನು 65 ಹರ್ಟ್ಸ್‌ಗೆ ಇಳಿಸಿದರೆ ಈ ಭ್ರಮೆ ಕರಗುತ್ತದೆ. ಆಗ 400ಕ್ಕೆ ಹತ್ತಿರವಿರುವುದು 390ರಲ್ಲಿರುವ ಆರನೆಯ ಹಾರ್ಮೋನಿಕ್. 750 ಹರ್ಟ್ಸ್ ಹನ್ನೊಂದು ಮತ್ತು ಹನ್ನೆರಡನೆಯ ಹಾರ್ಮೋನಿಕ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕೇಳಿಸುತ್ತಿದ್ದ ಗಾಂಧಾರ ಹೋಗಿ ಪಂಚಮದತ್ತ ವಾಲುತ್ತದೆ. ಮೇಲಿನ ಶ್ರುತಿ ಮಸುಕಾಗುತ್ತದೆ. ಕೋಷ್ಟಕದ ದೃಷ್ಟಿಯಲ್ಲಿ ಸ್ವರ ಬದಲಾಗಿಲ್ಲ. ಪಠಣದ ದೃಷ್ಟಿಯಲ್ಲಿ ಎಲ್ಲವೂ ಬದಲಾಗಿದೆ. ಇಲ್ಲಿ ಕಾಪಾಡಬೇಕಾದುದು ಮೂಲ ಆವೃತ್ತಿಗೂ ಫಾರ್ಮಂಟ್‌ಗೂ ಇರುವ ಒಂದಕ್ಕೈದು, ಒಂದಕ್ಕೆ ಹತ್ತು ಎಂಬ ಸಂಬಂಧ. 400 ಎಂಬ ನಿರಪೇಕ್ಷ ಸಂಖ್ಯೆಗೆ ಆ ಸಂಬಂಧದಿಂದಾಚೆಗೆ ಬೆಲೆಯಿಲ್ಲ. ಪಟ್ಟಿಗೆ ಎಷ್ಟು ಸ್ವರಗಳನ್ನು ಸೇರಿಸಿದರೂ ಸಂಬಂಧವನ್ನು ಬರೆಯುವ ಅಂಕಣ ಅದರಲ್ಲಿ ಹುಟ್ಟುವುದಿಲ್ಲ.

ಇನ್ನೊಂದು ತೊಡಕೂ ಇದೆ. ಲಿಯೊನಾರ್ಡೊ ಫುಕ್ಸ್, ಬ್ರಿಟ್ಟಾ ಹ್ಯಾಮರ್‌ಬರ್ಗ್ ಮತ್ತು ಸುಂಡ್‌ಬರ್ಗ್ 1998ರಲ್ಲಿ ಇಂತಹ ಮಂದ್ರಕಂಠವನ್ನು ಅಧ್ಯಯನ ಮಾಡಿದರು. ಧ್ವನಿತಂತುಗಳ ಮೇಲಿರುವ ಮಿಥ್ಯಾತಂತುಗಳು ಅವುಗಳ ಅರ್ಧ ಆವೃತ್ತಿಯಲ್ಲಿ ಕಂಪಿಸಿ, ಒಂದು ಬಿಟ್ಟು ಒಂದು ಮಿಡಿತವನ್ನು ತಗ್ಗಿಸುವುದರಿಂದ ಶ್ರುತಿ ಒಂದು ಸ್ಥಾಯಿ ಕೆಳಗಿಳಿದಂತೆ ಕೇಳಿಸುತ್ತದೆ ಎಂದು ಅವರು ತೋರಿಸಿದರು. ಮೂಲ ಮತ್ತು ಜರಡಿ ಎಂಬ ವಿಭಜನೆಯಲ್ಲಿ ಮೂಲವನ್ನು ಒಂದು ಸರಳ ಮಿಡಿತದ ಸಾಲೆಂದು ಭಾವಿಸುವ ಅಭ್ಯಾಸ ಇಲ್ಲಿ ಸಾಕಾಗುವುದಿಲ್ಲ. ಧ್ವನಿಮಾದರಿಗಳ ಸಂಚಯಗಳಲ್ಲಿ 'ಟಿಬೆಟನ್' ಎಂಬ ಹಣೆಪಟ್ಟಿ ಹೊತ್ತ ನಾದಗಳಿಗೆ ಬರವಿಲ್ಲ. ವರ್ಷಗಳ ಶಿಸ್ತಿನಿಂದ ಪಳಗಿದ ಒಂದು ಸಂಬಂಧವನ್ನು ಒಂದು ಬಣ್ಣವಾಗಿ ಇಳಿಸಿ ಹಂಚುವ ಕ್ರಮ ಅದು.

6. ಎರಡು ಆಕ್ಷೇಪಗಳು

ಈ ವಿಮರ್ಶೆಗೆ ಎರಡು ಆಕ್ಷೇಪಗಳನ್ನು ನಿರೀಕ್ಷಿಸಬಹುದು. 'ಶಾಂ' ಕ್ರಮವಿಧಿಯ ರಚನಕಾರರು ಸ್ವರವನ್ನು ಬಿಂದುವೆಂದು ಭಾವಿಸಿರಲಿಲ್ಲ ಎಂಬುದು ಮೊದಲನೆಯದು. ಇದು ನಿಜ. ಶ್ರುತಿ ಏರಿದಂತೆ ಫಾರ್ಮಂಟ್ ಹೇಗೆ ಸರಿಯಬೇಕು, ಪ್ರಬಲತೆ ಹೇಗೆ ಬದಲಾಗಬೇಕು ಎಂಬ ನಿಯಮಗಳು ಅದರಲ್ಲಿದ್ದವು. ರೋಡೆ ಮತ್ತು ಸಂಗಡಿಗರ 1984ರ ಪ್ರಬಂಧ ನಾದವನ್ನು ನಿಯಮಗಳ ಮೂಲಕ ರೂಪಿಸುವ ದೊಡ್ಡ ಮಹತ್ವಾಕಾಂಕ್ಷೆಯದು. ಆದರೆ ತಂತ್ರ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಸಂಖ್ಯೆಗಳು ಸುಲಭವಾಗಿ ದಾಟುತ್ತವೆ, ನಿಯಮಗಳು ಹಿಂದುಳಿಯುತ್ತವೆ. ಕೋಷ್ಟಕದ ಸೊಪ್ರಾನೊ 'ಇ'ಕಾರದ ಮೊದಲ ಫಾರ್ಮಂಟ್ 270 ಹರ್ಟ್ಸ್. ಗಾಯಕಿ 440 ಹರ್ಟ್ಸ್‌ನ ಶ್ರುತಿಯನ್ನು ಹಾಡಿದರೆ ಆ ಫಾರ್ಮಂಟ್‌ನ ನೆಲೆಯಲ್ಲಿ ನಾದವೇ ಇರುವುದಿಲ್ಲ. ನಿಜವಾದ ಗಾಯಕಿ ಆಗ ದವಡೆ ತೆರೆದು ಫಾರ್ಮಂಟ್ ಅನ್ನು ಮೇಲಕ್ಕೆ ತರುತ್ತಾಳೆ. ಕೋಷ್ಟಕವನ್ನು ಮಾತ್ರ ನಂಬಿದ ವಿದ್ಯಾರ್ಥಿಯ ವಾದ್ಯ ಹಾಗೆ ಮಾಡುವುದಿಲ್ಲ. ಆದ್ದರಿಂದ ಇಲ್ಲಿನ ವಿಮರ್ಶೆ ಮೂಲಕೃತಿಗಿಂತ ಹೆಚ್ಚಾಗಿ ಅದರ ಚಲಾವಣೆಯ ರೂಪಕ್ಕೆ ಸಂಬಂಧಿಸಿದ್ದು.

ನರಜಾಲಗಳ ಈ ಕಾಲದಲ್ಲಿ ಕೋಷ್ಟಕ ಹಳತಾಯಿತು ಎಂಬುದು ಎರಡನೆಯ ಆಕ್ಷೇಪ. ಕಂಠವನ್ನು ಧ್ವನಿಮುದ್ರಣಗಳಿಂದಲೇ ಕಲಿಯುವ ಯಂತ್ರಗಳಿಗೆ ಫಾರ್ಮಂಟ್‌ಗಳ ಪಟ್ಟಿ ಬೇಕಿಲ್ಲವೆಂಬುದು ಸರಿ. ಆದರೆ ಅವುಗಳಿಗೆ ಧ್ವನಿಮುದ್ರಣಗಳ ರಾಶಿ ಬೇಕು. ಕನ್ನಡಕ್ಕೆ ಅದನ್ನು ಒದಗಿಸುವುದು ಸಾಧ್ಯ; ನಾಗರಹೊಳೆಯ ಅಂಚಿನ ಹಾಡಿಯ ನುಡಿಗೆ ಅಷ್ಟು ಸುಲಭವಲ್ಲ. ರಾಶಿಯಿಲ್ಲದ ನುಡಿಗೆ ಹತ್ತಿರದ ದೊಡ್ಡ ನುಡಿಯ ಕಂಠವನ್ನು ಎರವಲು ಕೊಡುವುದು ಅಂತಹ ಯಂತ್ರಗಳ ಸಾಮಾನ್ಯ ಮಾರ್ಗ. ಹಾಗಾದಾಗ ಜೇನುಕುರುಬ ನುಡಿ ಕನ್ನಡದ ಕಂಠದಲ್ಲಿ ಕೇಳಿಸುತ್ತದೆ, ಕನ್ನಡ ಇಟಾಲಿಯನ್ನಿನ ಕಂಠದಲ್ಲಿ ಕೇಳಿಸಿದಂತೆಯೇ. ಮೇಲಾಗಿ ವಾದ್ಯವೆಂದರೆ ಕೈಗೆ ಸಿಗುವ ಹಿಡಿಗಳಿರಬೇಕು. ಇಂದಿನ ವಾದ್ಯಗಳ ಪರದೆಯ ಮೇಲೂ ಆ ಹಿಡಿಗಳಿಗೆ ಅ-ಎ-ಇ-ಒ-ಉ ಎಂಬ ಹೆಸರುಗಳೇ ಕಾಣುತ್ತವೆ. ಒಳಗಿನ ಯಂತ್ರ ಬದಲಾದರೂ ಹೊರಗಿನ ಹಿಡಿ 1780ರದೇ.

7. ನಮ್ಮ ಪಾಲು

ಕೇಶಿರಾಜನ 'ಶಬ್ದಮಣಿದರ್ಪಣ' 13ನೆಯ ಶತಮಾನದ ಕೃತಿ. ಶಬ್ದದ ಉತ್ಪತ್ತಿಯನ್ನು ವಿವರಿಸುವಾಗ ಅವನು ವಾದ್ಯದ ಹೋಲಿಕೆಯನ್ನು ತರುತ್ತಾನೆ. ನಾಭಿಯ ಮೂಲದಿಂದ ಶಬ್ದ ಕಹಳೆಯ ರೀತಿಯಲ್ಲಿ ಏಳುತ್ತದೆ. ದೇಹವೇ ವಾದ್ಯ, ನಾಲಗೆ ಅದನ್ನು ನುಡಿಸುವ ದಂಡ, ನುಡಿಸುವವನು ಆತ್ಮ. ಮೂಲ ಮತ್ತು ಜರಡಿಯ ಸಿದ್ಧಾಂತವನ್ನು ಅವನು ಮುಂಗಂಡಿದ್ದ ಎಂದು ಹೇಳುವುದು ಅನವಶ್ಯಕ, ಅನೈತಿಹಾಸಿಕ ಕೂಡ. ಆದರೆ ಹೋಲಿಕೆಯ ಒಂದು ಅಂಶ ಗಮನಾರ್ಹ. ನಾಲಗೆಯನ್ನು ಅವನು ನೆಲೆಯಿಂದ ಗುರುತಿಸದೆ ಕ್ರಿಯೆಯಿಂದ ಗುರುತಿಸುತ್ತಾನೆ. ದಂಡ ಎಲ್ಲಿದೆ ಎಂಬುದಕ್ಕಿಂತ ಅದು ಹೇಗೆ ಚಲಿಸುತ್ತದೆ ಎಂಬುದರಿಂದ ನಾದ ಹುಟ್ಟುತ್ತದೆ. ಸ್ಥಾನದ ಜೊತೆಗೆ ಕರಣ ಮತ್ತು ಪ್ರಯತ್ನಗಳನ್ನು ಹೇಳುವ ಶಿಕ್ಷಾಗ್ರಂಥಗಳ ಪರಂಪರೆಯಲ್ಲಿಯೂ ಈ ಎಚ್ಚರವಿದೆ.

ನಮ್ಮ ವಿವರಣಾತ್ಮಕ ಭಾಷಾವಿಜ್ಞಾನ ಈ ಎಚ್ಚರವನ್ನು ಎಷ್ಟು ಉಳಿಸಿಕೊಂಡಿದೆ? ಒಂದು ನುಡಿಯ ವ್ಯಾಕರಣವನ್ನು ಬರೆಯುವಾಗ ಮೊದಲ ಅಧ್ಯಾಯದಲ್ಲಿ ಸ್ವರಗಳ ಚತುಷ್ಕೋನವೊಂದನ್ನು ಬಿಡಿಸಿ, ಪ್ರತಿ ಸ್ವರಕ್ಕೂ ಒಂದು ಚುಕ್ಕೆ ಇಟ್ಟು, ಮುಂದಿನ ಅಧ್ಯಾಯಕ್ಕೆ ಹೋಗುವುದು ವಾಡಿಕೆ. ಫಾರ್ಮಂಟ್‌ಗಳನ್ನು ಅಳೆದವರೂ ಸ್ವರದ ನಟ್ಟನಡುವಿನ ಒಂದು ಕ್ಷಣವನ್ನು ಆರಿಸಿ, ಅತ್ತಿತ್ತಲಿನ ಚಲನೆಯನ್ನು ಅಡಚಣೆಯೆಂದು ಬದಿಗಿಡುತ್ತಾರೆ. ಸ್ವನಿಮಗಳನ್ನು ಗುರುತಿಸುವ ಕೆಲಸಕ್ಕೆ ಅದು ಸಾಕು. ಆದರೆ ವಾದ್ಯ ರೂಪಿಸುವವನು ನಮ್ಮ ಪುಸ್ತಕವನ್ನು ತೆರೆದರೆ ಅವನಿಗೆ ಸಿಗುವುದು ಚುಕ್ಕೆಗಳು ಮಾತ್ರ. ಅವನ ಕೋಷ್ಟಕದಲ್ಲಿ ಚಲನೆಯಿಲ್ಲವೆಂದು ದೂರುವ ಮೊದಲು, ನಮ್ಮ ವಿವರಣೆಯಲ್ಲಿ ಅವನಿಗೆ ಚಲನೆಯನ್ನು ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಈ ನಾಲ್ಕು ತಾಲ್ಲೂಕುಗಳಿಗೆ ಅವು ಒಂದೆರಡು ಗಂಟೆಯ ಪ್ರಯಾಣದ ದೂರದಲ್ಲಿವೆ. ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧನ ವಿದ್ಯಾರ್ಥಿಗಳು ತಮ್ಮ ಸ್ವರವಿವರಣೆಯಲ್ಲಿ ಮೂರು ಅಂಶಗಳನ್ನು ಸೇರಿಸಿದರೆ ಚಿತ್ರ ಬದಲಾಗುತ್ತದೆ. ಪ್ರತಿ ಸ್ವರವನ್ನು ನಡುವಿನಲ್ಲಿ ಮಾತ್ರವಲ್ಲದೆ ಆರಂಭ ಮತ್ತು ಅಂತ್ಯಗಳ ಬಳಿಯೂ ಅಳೆದು, ಕಾಲಾವಧಿಯೊಂದಿಗೆ ಒಂದು ಪಥವಾಗಿ ದಾಖಲಿಸಬೇಕು. ದಂತ್ಯ ಮತ್ತು ಮೂರ್ಧನ್ಯಗಳ ಮುಂಚಿನ ಸ್ವರಗಳಲ್ಲಿ ಮೂರನೆಯ ಫಾರ್ಮಂಟ್‌ನ ಇಳಿತವನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಆಡಿದ ಪದವನ್ನೇ ಹಾಡಿನಲ್ಲಿಯೂ ಮುದ್ರಿಸಿಕೊಂಡು, ಶ್ರುತಿಯೊಂದಿಗೆ ಫಾರ್ಮಂಟ್ ಸರಿಯುತ್ತದೆಯೇ, ಸರಿದರೆ ಎಷ್ಟು ಎಂಬುದನ್ನು ಬರೆದಿಡಬೇಕು. ಇವುಗಳಿಗೆ ದುಬಾರಿ ಉಪಕರಣ ಬೇಕಿಲ್ಲ. ಒಳ್ಳೆಯ ಧ್ವನಿಮುದ್ರಕ ಮತ್ತು ಪ್ರಾಟ್‌ನಂತಹ ಉಚಿತ ತಂತ್ರಾಂಶ ಸಾಕು.

8. ಸಮಾರೋಪ

ಗಣಕವಾದ್ಯದ ಕಂಠ 'ಮಾತಿನಂತಿದೆ' ಎಂಬ ಪ್ರಶಂಸೆಯನ್ನು ಭಾಷಾವಿಜ್ಞಾನಿ ಹಾಗೆಯೇ ಒಪ್ಪಬೇಕಿಲ್ಲ. ಯಾವ ನುಡಿಯ ಮಾತಿನಂತಿದೆ, ಯಾವ ಕೇಳುಗನಿಗೆ ಎಂದು ಕೇಳುವುದು ಅವನ ಕೆಲಸ. ಪರೀಕ್ಷೆಯ ವಿಧಾನವೂ ಕಠಿಣವಲ್ಲ. ವ್ಯಂಜನಗಳನ್ನು ತೆಗೆದು, ಸ್ವರದ ಚಲನೆಯನ್ನು ಮಾತ್ರ ಉಳಿಸಿ, ವಾದ್ಯದಿಂದ 'ಮನೆ' ಮತ್ತು 'ಮಣೆ'ಗಳ ಮೊದಲ ಅಕಾರಗಳನ್ನು ನುಡಿಸಬೇಕು. ಕೆ.ಆರ್.ನಗರದ ಕೇಳುಗರು ಅವೆರಡನ್ನೂ ಬೇರ್ಪಡಿಸಿ ಗುರುತಿಸಿದರೆ ಆ ವಾದ್ಯಕ್ಕೆ ಕನ್ನಡದ ಕಂಠವಿದೆ ಎನ್ನಬಹುದು. ಎಚ್.ಡಿ.ಕೋಟೆಯ ಹಾಡಿಯಲ್ಲಿ ಅಲ್ಲಿನ ನುಡಿಯ ಜೋಡಿಗಳಿಂದ, ಬೈಲುಕುಪ್ಪೆಯಲ್ಲಿ ಟಿಬೆಟನ್ನಿನ ಜೋಡಿಗಳಿಂದ ಇದನ್ನೇ ಮರುಮಾಡಬಹುದು. ಜೋಡಿಗಳನ್ನು ಆ ನುಡಿಗಳನ್ನಾಡುವವರೊಂದಿಗೆ ಕುಳಿತು ಆರಿಸಬೇಕು. ಫಲಿತಾಂಶ ಸರಿಯೇ ತಪ್ಪೇ ಎಂದು ಹೇಳುವ ಹಕ್ಕೂ ಅವರದೇ.

ಇಂತಹ ಪರೀಕ್ಷೆಯಲ್ಲಿ ಇಂದಿನ ಕೋಷ್ಟಕ ಸೋಲುವುದು ಬಹುತೇಕ ಖಚಿತ. ಆ ಸೋಲಿನಿಂದ ಸಂಗೀತಗಾರನಿಗೆ ಹೊಸ ನಾದಗಳು ದೊರೆಯುತ್ತವೆ. ನಮಗೆ ನಮ್ಮ ಚುಕ್ಕೆಗಳ ಚಿತ್ರದಲ್ಲಿ ಏನು ಬಿಟ್ಟುಹೋಗಿದೆ ಎಂಬುದು ತಿಳಿಯುತ್ತದೆ. ಆಡುವವರ ಸಂಖ್ಯೆ ಕಡಿಮೆಯಿರುವ ನುಡಿಗಳ ವಿಷಯದಲ್ಲಿ ಈ ಅಳತೆಗಳನ್ನು ಮುಂದೂಡುವುದಕ್ಕೆ ಅವಕಾಶವೂ ಕಡಿಮೆ.